ಏಳನೇ ಕೋಣೆಯ ವಾಯುದ್ವಾರ

ಜಿಲ್ಲಾ ಕಾರಾಗೃಹದ ಏಳನೇ ಕೋಣೆಯ ಹಿಂಗೋಡೆಯಲ್ಲಿ, ನೆಲದಿಂದ ಒಂದು ಮೊಳ ಮೇಲೆ, ಒಂದೂವರೆ ಅಡಿ ಅಗಲ ಮತ್ತು ಒಂದೂಕಾಲು ಅಡಿ ಎತ್ತರದ ಒಂದು ರಂಧ್ರವಿದೆ. ಅದು ಕಟ್ಟಡದಷ್ಟೇ ಹಳೆಯದು, ಅಂದರೆ ಅದಕ್ಕೆ ನೂರ ನಾಲ್ಕು ವರ್ಷ ವಯಸ್ಸು ಎಂಬುದನ್ನು ಸರ್ಕಾರ ಆದೇಶ ಹೊರಡಿಸಿ ಖಚಿತಪಡಿಸಿದೆ. ನೂರ ನಾಲ್ಕು ವರ್ಷವಲ್ಲ, ನಾಲ್ಕು ದಿನ ಎಂದು ವಾದಿಸಿದವನು ಊರಿಗೆಲ್ಲ ಒಬ್ಬನೇ, ಗಾರೆ ಮೇಸ್ತ್ರಿ. ಅವನೂ ಈಗ ದಾರಿಗೆ ಬಂದಿದ್ದಾನೆ. ಹೇಗೆ ಬಂದ ಎಂಬುದನ್ನು ದಾಖಲೆಯ ಸಲುವಾಗಿ ಇಲ್ಲಿ ಹೇಳಲಾಗಿದೆ.

ಆ ಸೋಮವಾರ ಬೆಳಿಗ್ಗೆ ಮೇಸ್ತ್ರಿಯನ್ನು ಕರೆಸಿದ್ದು ರಂಧ್ರ ಮುಚ್ಚುವುದಕ್ಕೇ. ಹೆಡ್ ವಾರ್ಡರ್ ಮುಂದೆ, ಕರಣೆ ಬಾಂಡ್ಲಿ ಹಿಡಿದ ಮೇಸ್ತ್ರಿ ಹಿಂದೆ, ಫಿನಾಯಿಲ್ ವಾಸನೆಯ ಉದ್ದನೆಯ ಓಣಿಯಲ್ಲಿ ನಡೆದು ಏಳನೇ ಬಾಗಿಲ ಮುಂದೆ ನಿಂತರು. ಒಳಗೆ ಒಂದು ಕಬ್ಬಿಣದ ಮಂಚ, ಒಂದು ಕಂಬಳಿ, ಒಂದು ಬಕೆಟ್ಟು. ಇರಬೇಕಾದ ಕೈದಿ ಮಾತ್ರ ಇರಲಿಲ್ಲ. ಹೋಟೆಲೊಂದರಿಂದ ಹತ್ತು ಡಜನ್ ಚಮಚ ಕದ್ದು ಎರಡು ವರ್ಷಕ್ಕೆ ಒಳಗೆ ಬಂದಿದ್ದ ಅವನನ್ನು ಎಲ್ಲರೂ ಚಮಚ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಅವನಿಗಿಂತ ಅರ್ಹರು ಕಚೇರಿಯಲ್ಲೇ ಹಲವರಿದ್ದರೂ ಅವರಿಗೆಲ್ಲ ಹುದ್ದೆಯ ಹೆಸರುಗಳಿದ್ದವು.

ಮೇಸ್ತ್ರಿ ಮಂಡಿಯೂರಿ ಕೂತು ರಂಧ್ರದೊಳಗೆ ಕೈ ಹಾಕಿದ. ಎರಡೂಕಾಲು ಅಡಿ ದಪ್ಪದ ಗೋಡೆ. ಕಟ್ಟಿದವನು ಅವನ ಅಜ್ಜ. ಇಪ್ಪತ್ತೊಂದು ದಿನ ನೆನೆಸಿದ ಸುಣ್ಣ, ಕೈಯಲ್ಲಿ ಆರಿಸಿದ ಕಲ್ಲು, ಸಾಲು ಸಾಲಿಗೂ ತೂಗುಗುಂಡು ಬಿಟ್ಟು ನೋಡಿ ಎಬ್ಬಿಸಿದ್ದು. ಅಪ್ಪನ ಕಾಲದಲ್ಲೂ ತನ್ನ ಕಾಲದಲ್ಲೂ ಅದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿರಲಿಲ್ಲ. ಮೇಸ್ತ್ರಿಯ ಮನೆಗೆ ಆಸ್ತಿ ಎಂದು ಇದ್ದದ್ದು ಇದೊಂದೇ: ಜೈಲಿನ ಗೋಡೆ ನಮ್ಮವರದು ಎಂದು ಹೇಳಿಕೊಳ್ಳುವ ಹಕ್ಕು. ರಂಧ್ರದ ಅಂಚು ಸವರಿದಾಗ ಬೆರಳಿಗೆ ಬಿಳಿ ಪುಡಿ ಹತ್ತಿತು. ಮಗುವಿನ ಮೈಮೇಲೆ ಬರೆ ಕಂಡವನ ಹಾಗೆ ಅವನು ಆ ಅಂಚನ್ನು ಮತ್ತೆ ಮತ್ತೆ ಸವರಿದ.

ಗಾರೆ ಕಲಸುತ್ತಿರುವಾಗ ಸೂಪರಿಂಟೆಂಡೆಂಟರು ಬಂದರು.

"ಮೇಸ್ತ್ರಿ, ಸ್ವಲ್ಪ ತಡಿ. ಈ ತೂತು ಎಷ್ಟು ಹಳೇದು ಅನ್ಸುತ್ತೆ ನಿಂಗೆ?"

"ಗುರುವಾರದ್ದು ಸಾರ್. ಅಂಚು ಇನ್ನೂ ಹಸಿ ಇದೆ."

"ಅವಸರ ಮಾಡಬೇಡ. ನಿಧಾನವಾಗಿ ಯೋಚ್ನೆ ಮಾಡಿ ಹೇಳು."

ಮೇಸ್ತ್ರಿ ನಿಧಾನವಾಗಿ ಯೋಚಿಸಿದ. "ಬುಧವಾರದ್ದೂ ಇರಬಹುದು ಸಾರ್."

ಸೂಪರಿಂಟೆಂಡೆಂಟರು ನಿಟ್ಟುಸಿರು ಬಿಟ್ಟರು. ಅವರ ಕಷ್ಟ ಅವರಿಗೆ. ಬಡ್ತಿಯ ಕಡತ ರಾಜಧಾನಿಯಲ್ಲಿ ಕೊನೆಯ ಮೇಜು ಮುಟ್ಟಿತ್ತು. ನಿಯಮ ನಲವತ್ತೊಂದರ ಪ್ರಕಾರ ಯಾರ ಅವಧಿಯಲ್ಲಿ ಕೈದಿ ಪಲಾಯನ ಮಾಡುತ್ತಾನೋ ಅವರ ಬಡ್ತಿಯೂ ಅವನ ಹಿಂದೆಯೇ ಹೋಗತಕ್ಕದ್ದು. ಆದರೆ ಅದೇ ಮೇಜಿನ ಮೇಲೆ ಇನ್ನೊಂದು ಸುತ್ತೋಲೆಯೂ ಇತ್ತು: ನೂರು ವರ್ಷ ದಾಟಿದ ಎಲ್ಲ ಸರ್ಕಾರಿ ಕಟ್ಟಡಗಳು ತಮ್ಮ ವಾಸ್ತು ಇತಿಹಾಸವನ್ನು ಬರೆಸಿ ಕಳುಹಿಸಿದರೆ ಪರಂಪರೆಯ ಕಟ್ಟಡ ಎಂಬ ಮಾನ್ಯತೆಯೂ ಅನುದಾನವೂ ದೊರೆಯತಕ್ಕದ್ದು. ಎರಡೂ ಕಾಗದಗಳನ್ನು ಒಟ್ಟಿಗೆ ಓದಿದಾಗ ಅವರಿಗೆ ದಾರಿ ಕಂಡಿತ್ತು. ಕೈದಿಗೆ ಕಂಡ ದಾರಿಯೇ ಅದು, ಆದರೆ ಅವರು ಅದನ್ನು ಕಚೇರಿಯ ಕಡೆಯಿಂದ ನೋಡಿದ್ದರು.

"ಗಾರೆ ಹಾಗೇ ಇರಲಿ. ನಾಳೆ ಇತಿಹಾಸದವರು ಬರ್ತಾರೆ. ಅವರು ನೋಡೋವರೆಗೂ ಮುಟ್ಟಬೇಡ."

ಮಂಗಳವಾರ ಪ್ರೊಫೆಸರು ಬಂದರು. ಪುರಸಭೆಯ ನೀರಿನ ಟ್ಯಾಂಕಿನ ವಾಸ್ತು ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದವರು ಅವರು. ಟ್ಯಾಂಕು ನಾಲ್ಕು ಕಡೆ ಸೋರುವುದನ್ನು ಕಾರಂಜಿ ಶೈಲಿ ಎಂದು ಗುರುತಿಸಿದವರೂ ಅವರೇ. ಕಾರಾಗೃಹವನ್ನು ಅವರು ಬೆಳಿಗ್ಗೆ ಹತ್ತಕ್ಕೆ ನೋಡಲು ಶುರುಮಾಡಿ ಹನ್ನೊಂದಕ್ಕೆ ಮುಗಿಸಿದರು. ಅದರಲ್ಲಿ ಇಪ್ಪತ್ತು ನಿಮಿಷ ಚಹಾ. ಏಳನೇ ಕೋಣೆಯಲ್ಲಿ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, ರಂಧ್ರದ ಒಳಮೈಯಲ್ಲಿದ್ದ ಗೀರುಗಳನ್ನು ಬಹಳ ಹೊತ್ತು ದಿಟ್ಟಿಸಿದರು.

"ಅದ್ಭುತ. ಒಂದೇ ಅಳತೆಯ ಬಾಗುರೇಖೆಗಳು. ಇಂಥ ಅಲಂಕಾರ ಇವತ್ತಿನವರ ಕೈಲಿ ಆಗಲ್ಲ."

"ಅದು ಚಮಚದ ಗುರುತು ಸಾರ್," ಎಂದ ಮೇಸ್ತ್ರಿ. "ಕೆರೆದಿದ್ದಾನೆ. ನೋಡಿ, ಇಲ್ಲಿ ಹಿಡಿಕೆ ಮುರಿದಿದೆ, ತುಂಡು ಸಿಕ್ಕಿಕೊಂಡಿದೆ."

ಪ್ರೊಫೆಸರು ಆ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡರು. "ಲೋಹದ ಅವಶೇಷ," ಎಂದು ಬರೆದುಕೊಂಡರು. ನಂತರ ಕೇಳಿದರು: "ಇದನ್ನ ಕಟ್ಟಿದವರು ಯಾರು ಗೊತ್ತಾ?"

"ನಮ್ಮಜ್ಜ ಸಾರ್. ಆದ್ರೆ ಅವರು ಕಟ್ಟಿದ್ದು ಗೋಡೆ. ಇದನ್ನಲ್ಲ."

"ಗೋಡೆ ಎಲ್ಲರೂ ಕಟ್ತಾರಪ್ಪ," ಎಂದರು ಪ್ರೊಫೆಸರು ಮೃದುವಾಗಿ. "ಎಲ್ಲಿ ಕಟ್ಟಬಾರದು ಅಂತ ಗೊತ್ತಿರೋನೇ ಶಿಲ್ಪಿ."

ಹದಿನೈದನೇ ದಿನಕ್ಕೆ ಇತಿಹಾಸ ಅಚ್ಚಾಗಿ ಬಂತು. ಅದರ ಬೆನ್ನಿಗೇ ಮಾನ್ಯತೆ ಬಂತು, ಅದರ ಬೆನ್ನಿಗೇ ಸೂಪರಿಂಟೆಂಡೆಂಟರು ಸಹಿ ಮಾಡಿದ ಸುತ್ತೋಲೆ ಎಲ್ಲ ಕೋಣೆಗಳ ಬಾಗಿಲಿಗೂ ಅಂಟಿತು:

"ಏಳನೇ ಕೋಣೆಯ ರಂಧ್ರವನ್ನು ಇನ್ನು ಮುಂದೆ ವಾಯುದ್ವಾರ ಎಂದು ಕರೆಯತಕ್ಕದ್ದು. ಅದನ್ನು ಮುಚ್ಚುವುದು, ಕಿರಿದು ಮಾಡುವುದು ಅಥವಾ ಅದರ ಮುಂದೆ ಅಡ್ಡ ನಿಲ್ಲುವುದು ಶಿಕ್ಷಾರ್ಹ. ಮೂಲ ವಿನ್ಯಾಸದಲ್ಲಿಯೇ ಒದಗಿಸಲಾದ ಮಾರ್ಗದಿಂದ ಹೊರಹೋಗುವುದು ಪಲಾಯನವೆನಿಸುವುದಿಲ್ಲ. ಅದನ್ನು ವಾಯುಸೇವನೆ ಎಂದು ನಮೂದಿಸತಕ್ಕದ್ದು. ವಾಯುಸೇವನೆಗೆ ಹೋದವರು ಹಿಂತಿರುಗುವವರೆಗೆ ಹಾಜರಿದ್ದಾರೆಂದೇ ಭಾವಿಸತಕ್ಕದ್ದು."

ಮೊದಲ ವಾರ ಒಂಬತ್ತು ಜನ ವಾಯುಸೇವನೆಗೆ ಹೋದರು. ಇಬ್ಬರು ಮನೆಯವರ ಮುಖ ನೋಡಿ ವಾಪಸು ಬಂದರು. ಉಳಿದ ಏಳು ಜನರ ಪಾಲಿನ ಊಟ ದಿನಕ್ಕೆರಡು ಹೊತ್ತು ಹೆಡ್ ವಾರ್ಡರರ ಮನೆಯ ಕಡೆಗೆ ವಾಯುಸೇವನೆಗೆ ಹೋಗತೊಡಗಿತು. ಶಿಸ್ತು ಎಂದೂ ಇಷ್ಟು ಚೆನ್ನಾಗಿರಲಿಲ್ಲ ಎಂದು ತಿಂಗಳ ವರದಿಯಲ್ಲಿ ಬರೆಯಲಾಯಿತು, ಏಕೆಂದರೆ ಜಗಳವಾಡುವವರು ಯಾರೂ ಒಳಗಿರಲಿಲ್ಲ.

ಮೇಸ್ತ್ರಿಯ ಮನೆಯಲ್ಲಿ ಮಾತ್ರ ಒಲೆಗಿಂತ ಅಮ್ಮನ ಮಾತೇ ಹೆಚ್ಚು ಉರಿಯುತ್ತಿತ್ತು. ಎಪ್ಪತ್ತೈದು ದಾಟಿದ ಆಕೆ ಸೊಸೆಯಾಗಿ ಬಂದಾಗ ಗೋಡೆ ಕಟ್ಟಿದ ಮಾವ ಇನ್ನೂ ಬದುಕಿದ್ದರು, ಆಕೆಯ ಕೈಯಡುಗೆಯನ್ನು ಹತ್ತು ವರ್ಷ ಉಂಡಿದ್ದರು.

"ತೂತು ಬಿಟ್ಟು ಗೋಡೆ ಕಟ್ಟಿದ್ರಂತಾ ನಮ್ಮಾವ? ಬಚ್ಚಲಮನೆ ಗೋಡೆಲಿ ಇರುವೆ ಹೋಗೋಷ್ಟು ಸಂದಿ ಇದ್ರೂ ಕೆಡವಿ ಕಟ್ಟಿಸ್ತಿದ್ದ ಮನುಷ್ಯ. ನೀನು ಅಲ್ಲೇ ನಿಂತಿದ್ಯಲ್ಲ, ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹೇಳ್ದೆ ಕಣಮ್ಮ. ಅವರು ಬರ್ಕೊಳ್ಲಿಲ್ಲ."

"ಬರ್ಕೊಳ್ಳೋ ಹಾಗೆ ಹೇಳ್ಬೇಕಿತ್ತು. ನಾಳೆಯಿಂದ ಬೀದೀಲಿ ಹೆಂಗೆ ತಲೆ ಎತ್ಲಿ ನಾನು?"

ಬೀದಿಯಲ್ಲಿ ಆಗಲೇ ಶುರುವಾಗಿತ್ತು. ಹಾಲಿನವನು ಕ್ಯಾನು ಇಳಿಸುತ್ತಾ, "ನಮ್ಮ ಕೊಟ್ಟಿಗೆ ಗೋಡೆ ಕಟ್ಟಿಕೊಡಿ ಮೇಸ್ತ್ರಿ, ಆದ್ರೆ ಹಸು ಹೋಗೋ ಅಷ್ಟು ಬಿಡಬೇಡಿ," ಎಂದಿದ್ದ. ಮೇಸ್ತ್ರಿ ಮೂರು ಅರ್ಜಿ ಬರೆದ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ರಂಧ್ರದ ವಿರುದ್ಧ ದೂರು ಸಲ್ಲಿಸಲು ರಂಧ್ರದ ಮಾಲೀಕರಿಗೆ ಮಾತ್ರ ಅಧಿಕಾರವಿದೆ ಎಂದು ಉತ್ತರ ಬಂತು. ಮೂರನೆಯದಕ್ಕೆ ಒಂದೇ ಸಾಲು: ಸದರಿ ವಾಯುದ್ವಾರವನ್ನು ಬೇರೊಬ್ಬರು ಕೊರೆದಿದ್ದಾರೆಂದಾದರೆ ಕೊರೆದವರನ್ನು ಖುದ್ದು ಹಾಜರುಪಡಿಸತಕ್ಕದ್ದು.

ಆದ್ದರಿಂದ ಮೇಸ್ತ್ರಿ ಚಮಚನನ್ನು ಹುಡುಕಲು ಹೊರಟ. ಪೊಲೀಸರು ಅವನನ್ನು ಹುಡುಕುತ್ತಿರಲಿಲ್ಲ, ದಾಖಲೆಯ ಪ್ರಕಾರ ಅವನು ಜೈಲಿನಲ್ಲೇ ಇದ್ದನಲ್ಲ. ಎರಡೇ ದಿನದಲ್ಲಿ ಸಿಕ್ಕಿದ. ಬಸ್ ನಿಲ್ದಾಣದ ಹಿಂದಿನ ಹೋಟೆಲೊಂದರಲ್ಲಿ, ಬೇರೆಲ್ಲೂ ಅಲ್ಲ, ಪಾತ್ರೆ ತೊಳೆಯುವ ಜಾಗದಲ್ಲಿ ಕೂತು ಚಮಚಗಳನ್ನು ಎಣಿಸಿ ಜೋಡಿಸುತ್ತಿದ್ದ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ, ಬೆರಳುಗಳು ಮಾತ್ರ ಗಟ್ಟಿ.

ಮೇಸ್ತ್ರಿ ಯಾರು ಎಂದು ಹೇಳಿಕೊಂಡ ಕೂಡಲೇ ಚಮಚ ಕೈ ಒರೆಸಿಕೊಂಡು ಎದ್ದು ನಿಂತ.

"ಆ ಗೋಡೆ ನಿಮ್ಮಜ್ಜಂದಾ ಅಣ್ಣ? ಹನ್ನೊಂದು ತಿಂಗಳು ತಿಂತು ನನ್ನನ್ನ. ಬೇರೆ ಯಾವ್ದಾದ್ರೂ ಗೋಡೆ ಆಗಿದ್ರೆ ಹದಿನೈದು ದಿನದ ಕೆಲಸ. ಆರು ಚಮಚ ಮುರಿದ್ವು. ಒಂದೊಂದು ದಿನ ಕಡಲೆಕಾಳಿನಷ್ಟು ಪುಡಿ ಬೀಳ್ತಿತ್ತು, ಅಷ್ಟೆ. ಎಂಥಾ ಸುಣ್ಣ ಹಾಕಿದ್ರಪ್ಪ ಆ ಪುಣ್ಯಾತ್ಮ."

ನೂರ ನಾಲ್ಕು ವರ್ಷದಲ್ಲಿ ಆ ಗೋಡೆಯನ್ನು ಅರ್ಥ ಮಾಡಿಕೊಂಡು ಹೊಗಳಿದವರು ಇವನೊಬ್ಬನೇ. ಮೇಸ್ತ್ರಿ ಕಂಕುಳಲ್ಲಿದ್ದ ಪ್ರೊಫೆಸರ ಪುಸ್ತಕ ತೆಗೆದು ಎಪ್ಪತ್ತೆರಡನೇ ಪುಟ ತೋರಿಸಿದ. ಚಮಚ ಬೆರಳಿಟ್ಟು ಒಂದೊಂದೇ ಪದ ಓದಿದ. ಓದುತ್ತಾ ಓದುತ್ತಾ ಮುಖ ಕೆಂಪಾಯಿತು.

"ಇದೇನಣ್ಣ, ನನ್ನ ಕೆಲಸಾನ ಯಾರ್ಯಾರ ಹೆಸರಿಗೋ ಬರೆದಿದ್ದಾರೆ?"

"ನಂಗೂ ಅದೇ ಹೊಟ್ಟೆ ಉರಿ. ನೀನು ಬಂದು ಹೇಳಬೇಕು."

"ಬಂದ್ರೆ ಒಳಗೆ ಹಾಕ್ತಾರೆ."

"ನಿನ್ನ ಶಿಕ್ಷೆ ಎಷ್ಟು ಉಳಿದಿತ್ತು?"

"ಐವತ್ತೊಂಬತ್ತು ದಿನ."

ಮೇಸ್ತ್ರಿ ಅವನ ಮುಖವನ್ನೇ ನೋಡಿದ. ಚಮಚ ಸಂಕೋಚದಿಂದ ತಲೆ ಕೆರೆದುಕೊಂಡ. "ಕೆಲಸ ಮುಗಿದುಹೋಗಿತ್ತಣ್ಣ. ಅಷ್ಟು ಕಷ್ಟಪಟ್ಟು ಕೊರೆದು, ಬಾಗಿಲಿಂದ ಹೋಗೋದು ಅಂದ್ರೆ ಮನಸ್ಸು ಒಪ್ಲಿಲ್ಲ."

ಮರುದಿನ ಇಬ್ಬರೂ ಕಾರಾಗೃಹದ ಕಿಟಕಿಯ ಮುಂದೆ ನಿಂತರು. ಹೆಡ್ ವಾರ್ಡರರು ಚಮಚನನ್ನು ಮೇಲಿಂದ ಕೆಳಗೆ ನೋಡಿ, ಗುರುತೇ ಇಲ್ಲದವರಂತೆ ಕೇಳಿದರು:

"ಏನು ಕೆಲಸ?"

"ಶರಣಾಗೋಕೆ ಬಂದಿದೀನಿ ಸಾರ್. ಏಳನೇ ಕೋಣೆ."

ವಾರ್ಡರರು ಹಾಜರಿ ಪುಸ್ತಕ ತಿರುವಿ ಹಾಕಿದರು. "ಏಳನೇ ಕೋಣೆಯವನು ಒಳಗೇ ಇದ್ದಾನೆ. ಬೆಳಿಗ್ಗೆ ತಿಂಡಿ ತಿಂದಿದ್ದಾನೆ. ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸ್ಕೊಂಡಿದ್ದಾನೆ."

"ಗಂಟೆ ಇನ್ನೂ ಹನ್ನೊಂದು," ಎಂದ ಮೇಸ್ತ್ರಿ.

"ಮುಂಚಿತವಾಗಿ ಬರ್ಕೊಳ್ತೀವಿ. ಆಮೇಲೆ ಪುರುಸೊತ್ತು ಇರಲ್ಲ."

ವಿಷಯ ಸೂಪರಿಂಟೆಂಡೆಂಟರ ಕೋಣೆಗೆ ಹೋಯಿತು. ಪ್ರೊಫೆಸರನ್ನೂ ಕರೆಸಿದರು. ಚಮಚ ನಿಂತಲ್ಲೇ ಎಲ್ಲ ಹೇಳಿದ: ಕಂಬಳಿಯ ಮರೆ, ಜೇಬಿನಲ್ಲಿ ಹೊತ್ತ ಪುಡಿ, ತರಕಾರಿ ತೋಟದಲ್ಲಿ ಅದನ್ನು ಉದುರಿಸಿದ್ದು. ಹೇಳಿ ಸಾಲದೆ, ಏಳನೇ ಕೋಣೆಗೆ ಕರೆದುಕೊಂಡು ಹೋಗಿ ಜೇಬಿನಿಂದ ಒಂದು ಚಮಚ ತೆಗೆದು ಎಲ್ಲರ ಎದುರಿಗೇ ಒಂದು ಗೀರು ಕೆರೆದ. ಹೊಸ ಗೀರು ಹಳೆಯವುಗಳ ಪಕ್ಕ ಅವಳಿಯಂತೆ ಕೂತಿತು. ಇಷ್ಟಾದ ಮೇಲೆ ಕಣ್ಣಿದ್ದವರು ಯಾರೂ ಇಲ್ಲ ಎನ್ನಲಾರರು ಎಂದು ಮೇಸ್ತ್ರಿಗೆ ಅನಿಸಿತ್ತು.

ಪ್ರೊಫೆಸರ ಕಣ್ಣು ತುಂಬಿ ಬಂತು. "ನೂರ ನಾಲ್ಕು ವರ್ಷದ ಹಿಂದಿನ ಅಲಂಕಾರ ಕಲೆ ಇನ್ನೂ ಜೀವಂತ ಇದೆ," ಎಂದರು. "ಎರಡನೇ ಮುದ್ರಣಕ್ಕೆ ಸೇರಿಸ್ತೀನಿ."

ಸೂಪರಿಂಟೆಂಡೆಂಟರು ಬಾಗಿಲು ಹಾಕಿಸಿ ಚಮಚನಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಅವನು ಚಮಚನೇ ಹೌದಾದರೆ, ಅವನು ಒಳಗಿದ್ದಾನೆ. ಒಳಗಿರುವವನನ್ನು ಇನ್ನೊಮ್ಮೆ ಒಳಗೆ ಹಾಕಲು ಯಾವ ನಿಯಮದಲ್ಲೂ ಅವಕಾಶವಿಲ್ಲ. ಅವನು ಚಮಚ ಅಲ್ಲವಾದರೆ, ಸಂರಕ್ಷಿತ ವಾಯುದ್ವಾರವನ್ನು ಈಗಷ್ಟೇ ಸಾಕ್ಷಿಗಳ ಎದುರು ಕೆರೆದ ಅಪರಿಚಿತ. ಅದಕ್ಕೆ ಏಳು ವರ್ಷ. ಇವೆರಡೂ ಬೇಡವಾದರೆ ಮೂರನೆಯದೊಂದಿದೆ: ಗೀರುಗಳು ಮಾಸದಂತೆ ನೋಡಿಕೊಳ್ಳಲು ಅನುದಾನದಲ್ಲಿ ಒಂದು ಕಾಯಂ ಹುದ್ದೆ ಮಂಜೂರಾಗಿದೆ. ಕುಶಲಕರ್ಮಿ ಬೇಕಾಗಿದ್ದಾನೆ.

ಹದಿನೈದು ನಿಮಿಷದ ಮೇಲೆ ಚಮಚ ಹೊರಗೆ ಬಂದ. ಮೇಸ್ತ್ರಿಯ ಮುಖ ನೋಡಲಾರದೆ ಗೋಡೆ ನೋಡುತ್ತಾ ನಿಂತ.

"ಪಿಂಚಣಿ ಇದೆಯಂತೆ ಅಣ್ಣ."

"ಹೂಂ."

"ನಿಮ್ಮಜ್ಜನ ಗೋಡೆ ಬಗ್ಗೆ ನಾನು ಹೇಳಿದ್ದು ಸುಳ್ಳಲ್ಲ. ಅದೊಂದು ಮಾತ್ರ ನಂಬಿ."

ಸನ್ನಡತೆಯ ಪ್ರಮಾಣಪತ್ರವೂ ಅವನ ಕೈಯಲ್ಲಿತ್ತು. ಹನ್ನೊಂದು ತಿಂಗಳು ಕೋಣೆ ಬಿಟ್ಟು ಅನವಶ್ಯಕವಾಗಿ ಹೊರಬಾರದೆ ಏಕಾಗ್ರತೆಯಿಂದ ಇದ್ದನೆಂದು ಅದರಲ್ಲಿ ಬರೆದಿತ್ತು.

ಇನ್ನು ಉಳಿದವನು ಮೇಸ್ತ್ರಿ. ಅನುದಾನದ ಕೊನೆಯ ಕಂತು ಬಿಡುಗಡೆಯಾಗಲು ಮೂಲ ಶಿಲ್ಪಿಯ ವಂಶಸ್ಥರ ಹೇಳಿಕೆ ಬೇಕಾಗಿತ್ತು: "ನಮ್ಮ ಅಜ್ಜನವರು ಸದರಿ ವಾಯುದ್ವಾರವನ್ನು ಬುದ್ಧಿಪೂರ್ವಕವಾಗಿ ಬಿಟ್ಟಿರುತ್ತಾರೆ." ಮೇಸ್ತ್ರಿ ಸಹಿ ಹಾಕಲಿಲ್ಲ. ಇಲಾಖೆಯ ಕೆಲಸಗಾರರ ಪಟ್ಟಿಯಿಂದ ಹೆಸರು ಹೊಡೆಯುತ್ತೇವೆ ಎಂದರು. ಹೊಡೆಯಿರಿ ಎಂದ. ಹೊಡೆದರು. ಒಂದು ತಿಂಗಳು ಅವನು ಕೆಲಸವಿಲ್ಲದೆ, ಮನೆಯ ಮೆಟ್ಟಿಲಿನ ಮೇಲೆ ಕೂತು ಕರಣೆಯ ತುಕ್ಕು ಉಜ್ಜಿದ. ಹೆಂಡತಿ ಮಾಡುವ ಸಾರು ದಿನದಿನಕ್ಕೆ ತೆಳುವಾಯಿತು. ಆದರೂ ಅವನಿಗೆ ಒಳಗೊಳಗೇ ಒಂದು ಸಮಾಧಾನವಿತ್ತು. ಊರೆಲ್ಲ ಒಂದು ಕಡೆಯಾದರೂ ತಾನೂ ಅಮ್ಮನೂ ಒಂದು ಕಡೆ ಇದ್ದೇವಲ್ಲ ಎಂದು.

ಒಂದು ಮಧ್ಯಾಹ್ನ ಅವನು ಅಂಗಡಿಗೆ ಹೋಗಿದ್ದಾಗ ಪ್ರೊಫೆಸರು ಮನೆಗೆ ಬಂದರು. ಅಮ್ಮನ ಎದುರು ಸ್ಟೂಲು ಎಳೆದುಕೊಂಡು ಕೂತು, ಎಪ್ಪತ್ತೆರಡನೇ ಪುಟವನ್ನು ಗಟ್ಟಿಯಾಗಿ ಓದಿದರು. ದಾರ್ಶನಿಕ ಎಂದಿತ್ತು. ಕರುಣಾಮಯಿ ಎಂದಿತ್ತು. ಕೈದಿಯ ಉಸಿರಿಗೂ ಬೆಲೆ ಕೊಟ್ಟ ಮಹಾಶಿಲ್ಪಿ ಎಂದಿತ್ತು. ಪಕ್ಕದ ಪುಟದಲ್ಲಿ ಅಜ್ಜನ ಚಿತ್ರವೂ ಇತ್ತು. ಫೋಟೋ ಸಿಗದ್ದರಿಂದ ಕಲಾವಿದರಿಂದ ಬರೆಸಿದ್ದು, ಸೂಪರಿಂಟೆಂಡೆಂಟರ ಹೋಲಿಕೆ ತುಸು ಇತ್ತು. ಅಮ್ಮ ಪುಸ್ತಕ ಇಸಿದುಕೊಂಡು ಚಿತ್ರವನ್ನು ಸೆರಗಿನಿಂದ ಒರೆಸಿದಳು.

ಮೇಸ್ತ್ರಿ ಬಂದಾಗ, ಅಜ್ಜನವರು ಎಂಬುದನ್ನು ಮಾವನವರು ಎಂದು ತಿದ್ದಿದ ಹೇಳಿಕೆಯ ಕಾಗದದ ಮೇಲೆ ಅಮ್ಮನ ಹೆಬ್ಬೆಟ್ಟು ಬಿದ್ದಾಗಿತ್ತು. ಶಾಯಿ ಇನ್ನೂ ಒಣಗಿರಲಿಲ್ಲ.

"ಏನಮ್ಮ ಇದು?"

"ಈಗ ನೆನಪಾಯ್ತು ಕಣೋ," ಎಂದಳು ಆಕೆ ಶಾಂತವಾಗಿ. "ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ರು ನಮ್ಮಾವ. ಏಳನೇ ಕೋಣೆಗೆ ಗಾಳಿ ಸಾಲದು, ಸ್ವಲ್ಪ ಬಿಟ್ಟಿದ್ದೀನಿ ಅಂತ."

"ಯಾವಾಗ ಹೇಳಿದ್ರು? ನೀನೇ ತಾನೆ ಇರುವೆ ಸಂದಿ ಬಿಡ್ತಿರಲಿಲ್ಲ ಅಂದಿದ್ದು?"

"ಅದು ಬಚ್ಚಲಮನೆ. ಇದು ಸರ್ಕಾರದ ಕೆಲಸ. ಅದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಿತ್ತು ಅವರಿಗೆ."

ಮೇಸ್ತ್ರಿ ಅಮ್ಮನ ಕಣ್ಣನ್ನೇ ನೋಡಿದ. ಅದರಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಆಕೆಗೆ ನಿಜಕ್ಕೂ ನೆನಪಾಗಿತ್ತು: ಮಾವ ಕೂತ ಮಣೆ, ಎತ್ತಿದ ತುತ್ತು, ಹೇಳಿದ ಮಾತು, ಎಲ್ಲ. ಅವನು ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತ. ಎದುರುಮನೆಯವರು ಕೈಮುಗಿದರು. ಹಾಲಿನವನು ಸೈಕಲ್ಲು ಇಳಿದು ತಳ್ಳಿಕೊಂಡು ಹೋದ.

ಸೂಪರಿಂಟೆಂಡೆಂಟರಿಗೆ ಬಡ್ತಿ ಬಂತು. ಅವರ ಮೊದಲ ಯೋಜನೆ ನಲವತ್ತು ಕೋಣೆಗಳ ಹೊಸ ಕಾರಾಗೃಹ. ನಕ್ಷೆಯಲ್ಲಿ ಪ್ರತಿ ಕೋಣೆಯ ಹಿಂಗೋಡೆಗೂ ಪರಂಪರೆಯ ಶೈಲಿಯ ವಾಯುದ್ವಾರ, ಅಗಲ ಒಂದೂವರೆ ಅಡಿ, ಎತ್ತರ ಒಂದೂಕಾಲು. ಕೆಲಸವನ್ನು ಶಿಲ್ಪಿಯ ವಂಶಸ್ಥರಿಗೇ ವಹಿಸತಕ್ಕದ್ದು ಎಂದಿದ್ದರಿಂದ ಮೇಸ್ತ್ರಿಯ ಹೆಸರು ಮತ್ತೆ ಪಟ್ಟಿಗೆ ಬಂತು. ಸಾರು ತೆಳುವಾಗಿ ಬಹಳ ದಿನವಾಗಿತ್ತು. ಅವನು ಒಪ್ಪಿಕೊಂಡ.

ಒಂಬತ್ತು ತಿಂಗಳು ಕಟ್ಟಿದ. ಮೂವತ್ತೊಂಬತ್ತು ಕೋಣೆಗಳಲ್ಲಿ ನಕ್ಷೆಯಲ್ಲಿದ್ದಂತೆ ಬಿಟ್ಟ. ನಲವತ್ತನೆಯದರಲ್ಲಿ ಕೈ ಕೇಳಲಿಲ್ಲ. ಸುಣ್ಣವನ್ನು ಇಪ್ಪತ್ತೊಂದು ದಿನ ನೆನೆಸಿ, ಕಲ್ಲು ಆರಿಸಿ, ಸಾಲು ಸಾಲಿಗೂ ಗುಂಡು ಬಿಟ್ಟು ನೋಡಿ, ನೆಲದಿಂದ ಸೂರಿನವರೆಗೆ ಒಂದೇ ಗೋಡೆ ಎಬ್ಬಿಸಿದ. ಮುಗಿದ ಮೇಲೆ ಅಂಗೈ ಇಟ್ಟು ನೋಡಿದ. ಗೋಡೆ ತಣ್ಣಗಿತ್ತು.

ತಪಾಸಣೆಗೆ ಬಂದ ಇಂಜಿನಿಯರು ಕೆಂಪು ಶಾಯಿಯಲ್ಲಿ ಬರೆದರು: "ನಲವತ್ತನೇ ಕೋಣೆಯ ಗೋಡೆ ದೋಷಪೂರಿತ. ಹೊರಹೋಗಲು ಅವಕಾಶವಿಲ್ಲ. ಹದಿನೈದು ದಿನಗಳೊಳಗಾಗಿ ಸರಿಪಡಿಸತಕ್ಕದ್ದು." ನೋಟಿಸು ಮನೆಗೇ ಬಂತು. ಹೆಂಡತಿ ಓದಿ ಹೇಳಿದಾಗ ಅಮ್ಮ ಹಣೆ ಚಚ್ಚಿಕೊಂಡಳು.

"ನಮ್ಮಾವ ಕಟ್ಟಿದ ಮನೆತನ ಇದು. ಒಂದು ತೂತು ಸರಿಯಾಗಿ ಬಿಡೋಕೆ ಬರಲ್ವಲ್ಲೋ ನಿಂಗೆ. ಮೇಲಿಂದ ಅವರು ನೋಡ್ತಿದ್ರೆ ಏನಂದ್ಕೊಳ್ತಾರೆ?"

ಮರುದಿನ ಬೆಳಿಗ್ಗೆ ಮೇಸ್ತ್ರಿ ಇಲಾಖೆಯ ಸಮವಸ್ತ್ರ ತೊಟ್ಟ ಚಮಚನನ್ನು ಜೊತೆಗೆ ಕರೆದುಕೊಂಡು ಹೋದ. ಸುಣ್ಣ ಗಟ್ಟಿಯಾಗಿದ್ದರಿಂದ ಹದಿನೈದು ದಿನದಲ್ಲಿ ಆಗುವ ಮಾತಲ್ಲ ಎಂದು ಇಬ್ಬರೂ ಸಹಿ ಹಾಕಿ ಬರೆದುಕೊಟ್ಟರು. ಹನ್ನೊಂದು ತಿಂಗಳ ಕಾಲಾವಕಾಶ ಮಂಜೂರಾಗಿದೆ. ಅಲ್ಲಿಯವರೆಗೆ ನಲವತ್ತನೇ ಕೋಣೆ ವಾಸಕ್ಕೆ ಯೋಗ್ಯವಲ್ಲವೆಂದು ಘೋಷಿಸಿ ಬೀಗ ಹಾಕಲಾಗಿದೆ.